ಗೆಜ್ಜೆ ಬಿಚ್ಚಿದ ಮೇಲಿನ ದುಡಿಮೆ: ಕಾಸರಗೋಡಿನ ಯಕ್ಷಗಾನ ಕಲಾವಿದ, ಕ್ಯಾಮೆರಾ ಮತ್ತು ಸ್ವಂತ ಉದ್ಯೋಗ

ತೆಂಕುತಿಟ್ಟಿನ ಯಕ್ಷಗಾನ ಮೇಳಗಳ ವರ್ಷ ಎರಡು ದಿನಗಳ ನಡುವೆ ನಿಂತಿದೆ. ದೀಪಾವಳಿ ಕಳೆದ ಮೇಲೆ ದೇವಸ್ಥಾನದ ಅಂಗಳದಲ್ಲಿ ಗೆಜ್ಜೆ ಕಟ್ಟಿ ಮೊದಲ ಸೇವೆಯಾಟ ಆಡುವ ದಿನ ಒಂದು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆ ಇನ್ನೊಂದು. ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಕಲಾವಿದನಿಗೆ ಮುಂದಿನ ಐದಾರು ತಿಂಗಳು ಮೇಳದ ಸಂಬಳವಿಲ್ಲ. ಹಿಂದಿನ ತಲೆಮಾರಿನವರು ಈ ಅವಧಿಯಲ್ಲಿ ಗದ್ದೆಗೋ ಅಡಕೆ ತೋಟಕ್ಕೋ ಮರಳುತ್ತಿದ್ದರು. ಕರೆ ಬಂದರೆ ತಾಳಮದ್ದಳೆಗೆ ಹೋಗುತ್ತಿದ್ದರು. ಇನ್ನೂ ಅದೃಷ್ಟವಿದ್ದರೆ ಮುಂಬಯಿಯ ಮಳೆಗಾಲದ ಪ್ರವಾಸವೊಂದು ಒದಗುತ್ತಿತ್ತು. ಇಂದಿನ ಕಲಾವಿದನಿಗೆ ಈ ತಿಂಗಳುಗಳು ಬಿಡುವಲ್ಲ. ಗಾನವೈಭವ, ನಾಟ್ಯವೈಭವ, ಚಿಕ್ಕಮೇಳದ ಮನೆಮನೆ ತಿರುಗಾಟ, ಕಾಲಮಿತಿಯ ಪ್ರದರ್ಶನ, ಮಕ್ಕಳಿಗೆ ತರಗತಿ, ನೇರ ಪ್ರಸಾರಕ್ಕೆಂದೇ ಏರ್ಪಡಿಸಿದ ತಾಳಮದ್ದಳೆ ಎಂದು ಅವನ ದಿನಚರಿ ಕೈಫೋನಿನೊಳಗೆ ತುಂಬಿಕೊಳ್ಳುತ್ತದೆ. ಮೇಳದ ಆರು ತಿಂಗಳಲ್ಲಿ ಅವನು ಒಬ್ಬ ಯಜಮಾನನ ಕೆಳಗೆ ದುಡಿಯುವವನು. ಉಳಿದ ಆರು ತಿಂಗಳಲ್ಲಿ ತನಗೆ ತಾನೇ ಯಜಮಾನ. ಈ ಎರಡನೆಯ ಅರ್ಧವು ಮೊದಲನೆಯದನ್ನು ಹೇಗೆ ಬದಲಿಸುತ್ತಿದೆ, ಆ ಬದಲಾವಣೆ ಕಾಸರಗೋಡಿನಂಥ ಗಡಿನಾಡಿನಲ್ಲಿ ಯಾವ ರೂಪ ತಾಳುತ್ತದೆ ಎಂಬುದು ಪರಿಶೀಲನೆಗೆ ತಕ್ಕ ವಿಷಯ.

ಕಾಸರಗೋಡಿಗೂ ಯಕ್ಷಗಾನಕ್ಕೂ ಇರುವ ಸಂಬಂಧ ನೆರೆಯವರಿಂದ ಪಡೆದ ಕಡವಲ್ಲ. ತೆಂಕುತಿಟ್ಟಿನ ಪರಂಪರೆ ತನ್ನ ಮೂಲಪುರುಷನೆಂದು ನೆನೆಯುವ ಪಾರ್ತಿಸುಬ್ಬ ಕುಂಬಳೆಯವನು. ಅರ್ಥಗಾರಿಕೆಯನ್ನು ಒಂದು ಸ್ವತಂತ್ರ ವಾಙ್ಮಯವೆನ್ನುವಷ್ಟು ಎತ್ತರಕ್ಕೆ ಒಯ್ದ ಶೇಣಿ ಗೋಪಾಲಕೃಷ್ಣ ಭಟ್ಟರೂ ಈ ಮಣ್ಣಿನವರು. ಅವರು ಸುರತ್ಕಲ್ ಮೇಳದಲ್ಲಿ ಬಹುಕಾಲ ಮೆರೆದರು. ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ಹಾಡಿದ್ದು ಕಟೀಲು ಮೇಳದಲ್ಲಿ. ಈ ಎರಡು ಹೆಸರುಗಳಲ್ಲಿಯೇ ಒಂದು ಮಾದರಿ ಕಾಣುತ್ತದೆ: ಕಲಾವಿದ ಹುಟ್ಟಿದ್ದು ಚಂದ್ರಗಿರಿ, ಶಿರಿಯಾ ಹೊಳೆಗಳ ನಾಡಿನಲ್ಲಿ, ಅನ್ನ ಕೊಟ್ಟದ್ದು ನೇತ್ರಾವತಿ, ನಂದಿನಿಗಳ ನಾಡು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಮೇಳಗಳ ನಕ್ಷೆ ಬದಲಾಗಲಿಲ್ಲ. ಎಡನೀರಿನಂಥ ಕೇಂದ್ರಗಳು ತಮ್ಮ ಮೇಳಗಳನ್ನು ನಡೆಸಿದರೂ, ಇಲ್ಲಿನ ಅನೇಕ ವೃತ್ತಿ ಕಲಾವಿದರು ತಲಪಾಡಿಯ ಆಚೆಗಿನ ಮೇಳಗಳಲ್ಲಿಯೇ ಬಣ್ಣ ಹಚ್ಚುತ್ತ ಬಂದಿದ್ದಾರೆ. ರಾಜ್ಯದ ಗಡಿಯನ್ನು ದಾಟುವುದು ಅವರಿಗೆ ವಲಸೆಯಲ್ಲ, ದಿನದ ಕೆಲಸ.

ಮೇಳವೆಂಬುದು ಕಲಾ ಸಂಸ್ಥೆಯಷ್ಟೇ ಅಲ್ಲ, ಒಂದು ಉದ್ಯೋಗ ವ್ಯವಸ್ಥೆಯೂ ಹೌದು. ಹಿಮ್ಮೇಳ, ಮುಮ್ಮೇಳ, ನೇಪಥ್ಯದವರು, ಅಡುಗೆಯವರು, ವಾಹನ ಚಾಲಕರು ಎಲ್ಲ ಸೇರಿ ಮೂವತ್ತು ನಲವತ್ತು ಮಂದಿಯ ಸಂಸಾರ. ವರ್ಷಕ್ಕೊಮ್ಮೆ ಮಾತುಕತೆ, ಹೆಚ್ಚಾಗಿ ಬಾಯಿಮಾತಿನ ಒಪ್ಪಂದ, ಸ್ಥಾನಮಾನಕ್ಕೆ ತಕ್ಕ ಸಂಬಳ, ಮಳೆಗಾಲದ ಕಷ್ಟಕ್ಕೆಂದು ಮುಂಗಡ. ಆ ಮುಂಗಡವೇ ಕಲಾವಿದನನ್ನು ಮುಂದಿನ ತಿರುಗಾಟಕ್ಕೆ ಕಟ್ಟಿಹಾಕುವ ಹಗ್ಗವೂ ಆಗುತ್ತಿತ್ತು. ಹಳೆಯ ಮೇಳವನ್ನು ಭದ್ರತೆಯ ಸ್ವರ್ಗವೆಂದು ಬಣ್ಣಿಸುವುದು ಇಂದಿನ ಅಭ್ಯಾಸ, ಅದು ಸರಿಯಲ್ಲ. ನಿದ್ದೆಗೆಟ್ಟ ರಾತ್ರಿಗಳು, ಚೌಕಿಯ ನೆಲದ ಮೇಲಿನ ಹಗಲು ನಿದ್ರೆ, ವಯಸ್ಸಾದ ಮೇಲೆ ಬರಿಗೈ, ಇವೆಲ್ಲ ಆ ವ್ಯವಸ್ಥೆಯ ಭಾಗವೇ ಆಗಿದ್ದವು. ಆದರೂ ಒಂದು ಮಾತನ್ನು ಅದರ ಪರವಾಗಿ ಹೇಳಬೇಕು. ಅಲ್ಲಿ ದುಡಿಮೆ ಸಾಮೂಹಿಕವಾಗಿತ್ತು, ಕಲಿಕೆಯೂ ಸಾಮೂಹಿಕವಾಗಿತ್ತು. ಕೋಡಂಗಿಯಿಂದ ಆರಂಭಿಸಿ, ಬಾಲಗೋಪಾಲ, ನಿತ್ಯವೇಷಗಳನ್ನು ಕುಣಿದು, ಪುಂಡುವೇಷಕ್ಕೋ ಸ್ತ್ರೀವೇಷಕ್ಕೋ ಏರುವ ಹುಡುಗನಿಗೆ ಪೂರ್ವರಂಗವೇ ಪಾಠಶಾಲೆ. ಅವನು ಕಲಿಯುತ್ತಿರುವಾಗಲೂ ಮೇಳ ಅವನಿಗೆ ಊಟ ಹಾಕುತ್ತಿತ್ತು.

ಯಂತ್ರವು ಈ ವ್ಯವಸ್ಥೆಯೊಳಗೆ ಬಂದದ್ದು ಅಂತರಜಾಲದೊಂದಿಗೆ ಅಲ್ಲ. ಧ್ವನಿವರ್ಧಕ ಬಂದು ಭಾಗವತನ ಕಂಠದ ಶ್ರುತಿಯನ್ನೂ ಅರ್ಥದ ಲಯವನ್ನೂ ಬದಲಿಸಿತು. 1980ರ ದಶಕದಿಂದ ತಾಳಮದ್ದಳೆಯ ಕ್ಯಾಸೆಟ್‌ಗಳು ಮನೆಮನೆಗೆ ನುಗ್ಗಿದವು. ದೂರದರ್ಶನವೂ ವೀಡಿಯೋ ಕ್ಯಾಸೆಟ್ಟೂ ಹಬ್ಬಿದ ಮೇಲೆ ಟಿಕೆಟಿನ ಡೇರೆ ಮೇಳಗಳು ತೆಂಕಿನಲ್ಲಿ ಒಂದೊಂದಾಗಿ ಬಾಗಿಲು ಮುಚ್ಚಿದವು. ಹರಕೆಯಾಟ ಆಡುವ ದೇವಸ್ಥಾನದ ಮೇಳಗಳು ಮಾತ್ರ ಬೆಳೆದವು. ವರ್ಷಗಳ ಮುಂಚೆಯೇ ಆಟ ಕಾದಿರಿಸುವ ಭಕ್ತರಿರುವಲ್ಲಿ ಪ್ರೇಕ್ಷಕರ ಕೊರತೆ ಮೇಳದ ಆದಾಯಕ್ಕೆ ತಟ್ಟುವುದಿಲ್ಲ. ಮುಂದೆ ಬಂದ ಡಿಜಿಟಲ್ ಬದಲಾವಣೆಯ ಹೊಡೆತ ಸಂಸ್ಥೆಗಿಂತ ಹೆಚ್ಚಾಗಿ ವ್ಯಕ್ತಿಯ ಮೇಲೆ ಬಿದ್ದದ್ದಕ್ಕೆ ಇದೂ ಒಂದು ಕಾರಣ.

2016ರಲ್ಲಿ ಎರಡು ಸಂಗತಿಗಳು ಒಟ್ಟಿಗೆ ಸಂಭವಿಸಿದವು: ಏಪ್ರಿಲಿನಲ್ಲಿ ಯುಪಿಐ ಪಾವತಿ ವ್ಯವಸ್ಥೆ, ಸೆಪ್ಟೆಂಬರಿನಲ್ಲಿ ಜಿಯೋದ ಅಗ್ಗದ ದತ್ತಾಂಶ. ಮೊದಲನೆಯದು ಸಂಭಾವನೆಯನ್ನು ಮಧ್ಯವರ್ತಿಯಿಲ್ಲದೆ ಕಲಾವಿದನ ಖಾತೆಗೆ ತಲುಪಿಸಿತು. ಎರಡನೆಯದು ಇಡೀ ರಾತ್ರಿಯ ಆಟವನ್ನು ಕೊಲ್ಲಿ ರಾಷ್ಟ್ರದ ಕೊಠಡಿಯೊಳಗೆ ತೆರೆಯಿತು. ಆದರೆ ನಿಜವಾದ ತಿರುವು 2020ರ ಮಾರ್ಚ್ ತಿಂಗಳದು. ಪತ್ತನಾಜೆಗೆ ಎರಡು ತಿಂಗಳಿರುವಾಗಲೇ ಲಾಕ್‌ಡೌನ್ ತಿರುಗಾಟವನ್ನು ನಿಲ್ಲಿಸಿತು. ಕಾಸರಗೋಡಿನವರಿಗೆ ಇನ್ನೊಂದು ಪೆಟ್ಟು ಕಾದಿತ್ತು. ತಲಪಾಡಿಯ ಹೆದ್ದಾರಿಯೂ ಒಳದಾರಿಗಳೂ ಮುಚ್ಚಿದವು, ಕೆಲವೆಡೆ ರಸ್ತೆಗೆ ಮಣ್ಣು ಸುರಿಯಲಾಯಿತು. ಆಸ್ಪತ್ರೆಗೆ ಹೋಗಲು ದಾರಿ ಬಿಡಬೇಕೆಂಬ ವಿವಾದ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ರೋಗಿಗಳಿಗೇ ದಾರಿಯಿಲ್ಲದಾಗ ವೇಷಧಾರಿಗಳ ಮಾತೆಲ್ಲಿ! ಅರವತ್ತಮೂರು ವರ್ಷಗಳಿಗೂ ಹೆಚ್ಚು ಕಾಲ ಕಾಗದದ ಮೇಲಷ್ಟೇ ಇದ್ದ ಗಡಿ ಆ ವಾರಗಳಲ್ಲಿ ಕಲಾವಿದನ ಕಾಲಿಗೆ ಎಡವಿತು. ಪ್ರೇಕ್ಷಕರಿಲ್ಲದ ಸಭಾಂಗಣದಲ್ಲಿ, ಮನೆಯ ಚಾವಡಿಯಲ್ಲಿ ಕ್ಯಾಮೆರಾದೆದುರು ಕುಳಿತು ತಾಳಮದ್ದಳೆ ನಡೆಸುವ ಪದ್ಧತಿ ಬಲವಾಗಿ ಬೇರೂರಿದ್ದು ಆಗ. ಜಾಲಕ್ಕೆ ಗಡಿಯಿಲ್ಲವೆಂಬ ಅರಿವು ಮೂಡಿದ್ದೂ ಆಗಲೇ.

ತಾಳಮದ್ದಳೆಯೇ ಮೊದಲು ಜಾಲಕ್ಕೆ ಹೊಂದಿಕೊಂಡದ್ದು ಆಕಸ್ಮಿಕವಲ್ಲ. ಅದಕ್ಕೆ ವೇಷವಿಲ್ಲ, ರಂಗಸ್ಥಳದ ಖರ್ಚಿಲ್ಲ. ಐದಾರು ಅರ್ಥಧಾರಿಗಳು, ಒಬ್ಬ ಭಾಗವತ, ಒಂದು ಮದ್ದಳೆ, ಒಂದು ಚೆಂಡೆ. ಪ್ರಯಾಣ ಮಾಡುತ್ತಲೋ ಅಡುಗೆ ಮಾಡುತ್ತಲೋ ಕೇಳಬಹುದಾದ ಕಲೆ ಅದು. ಯೂಟ್ಯೂಬ್ ತನ್ನ ಜಾಹೀರಾತಿನ ಆದಾಯವನ್ನು ಹಂಚಿಕೊಳ್ಳಲು 2018ರಿಂದ ವಿಧಿಸಿದ ಷರತ್ತು ಹೀಗಿದೆ: ವಾಹಿನಿಗೆ ಒಂದು ಸಾವಿರ ಚಂದಾದಾರರು, ಹನ್ನೆರಡು ತಿಂಗಳಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ. ನಾಲ್ಕು ಗಂಟೆಯ ಒಂದು ತಾಳಮದ್ದಳೆಯನ್ನು ಸಾವಿರ ಮಂದಿ ಪೂರ್ತಿ ಕೇಳಿದರೆ ಆ ಗಂಟೆಗಳ ಲೆಕ್ಕ ಅಲ್ಲಿಗೇ ತುಂಬಿತು. ದೀರ್ಘತೆಯೇ ದೋಷವೆಂದು ಹೇಳಿಸಿಕೊಂಡ ಕಲೆಗೆ ದೀರ್ಘತೆಯಿಂದಲೇ ಬಂದ ಲಾಭವಿದು. ಕಿರು ತುಣುಕುಗಳ ವೀಕ್ಷಣೆ ಈ ಗಂಟೆಗಳ ಲೆಕ್ಕಕ್ಕೆ ಸೇರುವುದಿಲ್ಲ. ಜಾಹೀರಾತಿನ ದರವೂ ನೋಡುಗನ ದೇಶವನ್ನು ಅವಲಂಬಿಸಿದೆ: ಮಂಜೇಶ್ವರದ ಒಬ್ಬ ಕೇಳುಗನಿಗಿಂತ ದುಬೈಯ ಕೇಳುಗನ ಒಂದು ಗಂಟೆ ವಾಹಿನಿಗೆ ಹೆಚ್ಚು ಬೆಲೆಯುಳ್ಳದ್ದು.

ಆದರೆ ಈ ಆದಾಯ ಯಾರಿಗೆ ಸೇರುತ್ತದೆ? ಯೂಟ್ಯೂಬ್ ಜಾಹೀರಾತಿನ ಹಣದಲ್ಲಿ ಶೇಕಡ 55ನ್ನು ವಾಹಿನಿಯ ಒಡೆಯನ ಖಾತೆಗೆ ಹಾಕುತ್ತದೆ. ಅದಕ್ಕೆ ಗೊತ್ತಿರುವುದು ಒಂದೇ ಖಾತೆ. ಮೇಳದ ಸಂಬಳ ಪಟ್ಟಿಯಲ್ಲಿ ಚೆಂಡೆಯವನಿಗೂ ನೇಪಥ್ಯದವನಿಗೂ ಒಂದು ಸಾಲಿತ್ತು. ವೇದಿಕೆಯ ಗಣಕದಲ್ಲಿ ಅವರಿಬ್ಬರೂ ಇಲ್ಲ. ಸಾಮಾನ್ಯವಾಗಿ ನಡೆಯುವುದು ಇಷ್ಟು: ಆಟವಾಡಿಸುವ ಮನೆಯವರು ಅಥವಾ ಸಂಘದವರು ನೇರ ಪ್ರಸಾರದವರಿಗೆ ಗೊತ್ತಾದ ಮೊತ್ತ ಕೊಡುತ್ತಾರೆ, ಕಲಾವಿದರಿಗೆ ಆ ದಿನದ ಸಂಭಾವನೆ ಸಲ್ಲುತ್ತದೆ. ಆಟ ಮುಗಿಯುತ್ತದೆ, ಆದರೆ ಅದರ ದಾಖಲೆ ಮುಗಿಯುವುದಿಲ್ಲ. ವೇಷಧಾರಿಯ ದುಡಿಮೆ ಬೆಳಗಿನ ಮಂಗಳದೊಂದಿಗೆ ಕೊನೆಗೊಂಡರೂ ಅದರ ಫಲ ಇನ್ನೊಬ್ಬರ ಖಾತೆಯಲ್ಲಿ ವರ್ಷಗಟ್ಟಲೆ ಚಿಗುರುತ್ತಿರುತ್ತದೆ. ವಾಹಿನಿಯವರನ್ನು ಖಳರೆನ್ನಬೇಕಾಗಿಲ್ಲ, ಅವರಲ್ಲಿ ಅನೇಕರು ಕಲೆಯ ಮೇಲಿನ ಒಲವಿನಿಂದಲೇ ಕ್ಯಾಮೆರಾ ಹೊತ್ತವರು, ಅವರ ದುಡಿಮೆಯೂ ಸ್ವಂತ ಉದ್ಯೋಗದ ಅಭದ್ರ ದುಡಿಮೆಯೇ.

ಸ್ವಂತ ವಾಹಿನಿ ತೆರೆದ ಕಲಾವಿದರೂ ಇದ್ದಾರೆ. ಅವರಿಗೆ ಹೊಸ ಕೆಲಸಗಳು ಅಂಟಿಕೊಂಡಿವೆ: ಭಿತ್ತಿಪತ್ರ ಮಾಡಿಸುವುದು, ದಿನಾಂಕ ಹೊಂದಿಸುವುದು, ವಾಟ್ಸಾಪ್ ಬಳಗಗಳಿಗೆ ಹಂಚುವುದು, ಟೀಕೆಗೆ ಉತ್ತರಿಸುವುದು. ಇವುಗಳಿಗೆ ಸಂಬಳವಿಲ್ಲ, ಬಿಟ್ಟರೆ ಮಾತ್ರ ನಷ್ಟವಿದೆ. ಭಿತ್ತಿಪತ್ರದಲ್ಲಿ ಯಾರ ಭಾವಚಿತ್ರ ಎಷ್ಟು ದೊಡ್ಡದು ಎಂಬುದೇ ಒಂದು ಮಾರುಕಟ್ಟೆಯ ಸೂಚ್ಯಂಕವಾಗಿಬಿಟ್ಟಿದೆ. ಭಾಗವತರಿಗೂ ಪುಂಡುವೇಷ, ಸ್ತ್ರೀವೇಷಗಳಿಗೂ ಇದು ಅನುಕೂಲಿಸಿದೆ. ಹಾಡೂ ನಾಟ್ಯವೂ ತುಣುಕಾಗಿ ಕತ್ತರಿಸಿದರೂ ಬದುಕುತ್ತವೆ. ಗಂಟೆಗಟ್ಟಲೆ ಮುಖವರ್ಣಿಕೆ ಬರೆದುಕೊಂಡು, ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು, ತೆರೆ ಒಡ್ಡೋಲಗದಲ್ಲಿ ಮೆಲ್ಲಮೆಲ್ಲನೆ ಅರಳುವ ಬಣ್ಣದ ವೇಷಕ್ಕೆ ಒಂದು ನಿಮಿಷದ ತುಣುಕಿನಲ್ಲಿ ಜಾಗವಿಲ್ಲ. ಕಾಲಮಿತಿಯ ಆಟದಲ್ಲಿ ಪೂರ್ವರಂಗ ಕುಗ್ಗಿದಾಗ ಕೋಡಂಗಿಯ ಹುಡುಗನ ಪಾಠಶಾಲೆಯೂ ಕುಗ್ಗುತ್ತದೆ. ಅವನೀಗ ತೆಂಕಿನ ಕುಣಿತವನ್ನು ಶನಿವಾರದ ತರಗತಿಯಲ್ಲಿ, ಶುಲ್ಕ ಕೊಟ್ಟು ಕಲಿಯುತ್ತಾನೆ. ಕಲಿಸುವ ಹಿರಿಯನಿಗೆ ಅದು ಆದಾಯ. ಕಲಿಯುವ ಬಡ ಹುಡುಗನಿಗೆ ಮಾತ್ರ ಹಿಂದೆ ಊಟದೊಂದಿಗೆ ಸಿಗುತ್ತಿದ್ದ ವಿದ್ಯೆ ಈಗ ಖರ್ಚಿನ ಬಾಬತ್ತು.

ಅರ್ಥಧಾರಿಯ ಸಂಕಟ ಬೇರೆ ಬಗೆಯದು. ಅವನ ಮಾತು ಆ ಗಳಿಗೆಯಲ್ಲಿ, ಎದುರಾಳಿಯ ಮಾತಿಗೆ ತಕ್ಕಂತೆ ಹುಟ್ಟುವಂಥದ್ದು. ಕಳೆದ ವಾರ ಕುಂಬಳೆಯಲ್ಲಿ ಕರ್ಣನ ಬಾಯಲ್ಲಿ ಬಂದ ಚಮತ್ಕಾರವನ್ನು ಮುಂದಿನ ವಾರ ಪುತ್ತೂರಿನಲ್ಲಿ ಮತ್ತೆ ಬಳಸುವ ಸ್ವಾತಂತ್ರ್ಯ ಹಿಂದೆ ಇತ್ತು. ಈಗ ಪುತ್ತೂರಿನ ಸಭಿಕ ಅದನ್ನು ಮೊದಲೇ ಕೇಳಿ ಬಂದಿರುತ್ತಾನೆ. ಇದರಿಂದ ಅಧ್ಯಯನ ಹೆಚ್ಚಿತೆಂಬುದು ನಿಜ. ವಾದದ ಬಿಸಿಯಲ್ಲಿ ಆಡಿದ ಒಂದು ಮಾತನ್ನು ಸಂದರ್ಭದಿಂದ ಕಿತ್ತು ಹರಿಯಬಿಟ್ಟರೆ ಅದು ಪಾತ್ರದ ಮಾತಾಗಿ ಉಳಿಯದೆ ವ್ಯಕ್ತಿಯ ಮಾತಾಗುತ್ತದೆ ಎಂಬ ಭಯವೂ ಅಷ್ಟೇ ನಿಜ. ರಾವಣನ ಪರವಾಗಿ ಸಮರ್ಥವಾಗಿ ವಾದಿಸುವುದು ತಾಳಮದ್ದಳೆಯ ಧರ್ಮ. ಮೂವತ್ತು ಸೆಕೆಂಡಿನ ತುಣುಕಿಗೆ ಆ ಧರ್ಮ ತಿಳಿಯದು.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು, ಏಕೆಂದರೆ ಕಲಾವಿದರ ನಡುವೆಯೂ ಸಂಘಟಕರ ನಡುವೆಯೂ ಇದರ ತಿಳಿವು ವಿರಳ. 1957ರ ಕೃತಿಸ್ವಾಮ್ಯ ಕಾಯ್ದೆಯು ಪ್ರದರ್ಶಕನೆಂದರೆ ನಟ, ಗಾಯಕ, ವಾದಕ, ನರ್ತಕ ಮಾತ್ರವಲ್ಲದೆ ಉಪನ್ಯಾಸ ನೀಡುವವನೂ ಹೌದೆನ್ನುತ್ತದೆ. ದೊಂಬರಾಟದವನನ್ನೂ ಹಾವಾಡಿಗನನ್ನೂ ಅದು ಬಿಟ್ಟಿಲ್ಲ. ಅರ್ಥಧಾರಿಯೂ ಮದ್ದಳೆಗಾರನೂ ನಿಸ್ಸಂದೇಹವಾಗಿ ಇದರೊಳಗಿದ್ದಾರೆ. 2012ರ ತಿದ್ದುಪಡಿ ಸೇರಿಸಿದ 38ಎ ಕಲಮು ಪ್ರದರ್ಶನದ ಧ್ವನಿ ಮತ್ತು ದೃಶ್ಯ ಮುದ್ರಣ ಮಾಡುವ, ಅದನ್ನು ಸಾರ್ವಜನಿಕರಿಗೆ ತಲುಪಿಸುವ ಹಕ್ಕನ್ನು ಪ್ರದರ್ಶಕನಿಗೆ ಕೊಡುತ್ತದೆ. ಚಲನಚಿತ್ರದಲ್ಲಿ ತನ್ನ ಪ್ರದರ್ಶನವನ್ನು ಸೇರಿಸಲು ಲಿಖಿತ ಒಪ್ಪಂದದ ಮೂಲಕ ಸಮ್ಮತಿಸಿದವನು ಆಮೇಲೆ ನಿರ್ಮಾಪಕನನ್ನು ತಡೆಯುವಂತಿಲ್ಲ; ಆಗಲೂ ವಾಣಿಜ್ಯ ಬಳಕೆಯ ರಾಯಧನ ಅವನಿಗೆ ಸಲ್ಲಬೇಕು. ಕಾಯ್ದೆಯ ಭಾಷೆಯಲ್ಲಿ ವೀಡಿಯೋ ಮುದ್ರಣವೂ ಚಲನಚಿತ್ರವೇ. ಇಲ್ಲಿನ ಮುಖ್ಯ ಪದ 'ಲಿಖಿತ'. ಯಕ್ಷಗಾನ ಲೋಕದಲ್ಲಿ ಹೆಚ್ಚಿನದೆಲ್ಲ ಬಾಯಿಮಾತು. ಬಾಯಿಮಾತಿನ ಒಪ್ಪಂದವೇ ಕಲಾವಿದನ ದೌರ್ಬಲ್ಯವೆಂದು ಎಲ್ಲರೂ ಭಾವಿಸಿದ್ದಾರೆ. ಈ ಒಂದು ವಿಷಯದಲ್ಲಿ ಮಾತ್ರ ಅದು ತಲೆಕೆಳಗು: ಬರೆದುಕೊಟ್ಟಿಲ್ಲವಾದರೆ ಅವನು ಆ ಹಕ್ಕನ್ನು ಬಿಟ್ಟುಕೊಟ್ಟನೆಂದು ಕಾನೂನು ಊಹಿಸುವುದಿಲ್ಲ. ಅವನು ಅದನ್ನು ಕೇಳದೆ ಇರುವುದು ಬೇರೆ ಮಾತು. ಮುಂದಿನ ಆಟಕ್ಕೆ ಕರೆಯುವವರು ಅವರೇ ಆಗಿರುವಾಗ ಕೇಳುವುದು ಸುಲಭವೂ ಅಲ್ಲ.

38ಬಿ ಕಲಮು ಹಣಕ್ಕೆ ಸಂಬಂಧಿಸಿದ್ದಲ್ಲ, ಮಾನಕ್ಕೆ ಸಂಬಂಧಿಸಿದ್ದು. ಪ್ರದರ್ಶಕನೆಂದು ತನ್ನ ಹೆಸರನ್ನು ಹೇಳಿಸಿಕೊಳ್ಳುವ ಹಕ್ಕು, ಕೀರ್ತಿಗೆ ಕುಂದು ತರುವಂತೆ ತನ್ನ ಪ್ರದರ್ಶನವನ್ನು ವಿಕೃತಗೊಳಿಸುವುದನ್ನು ಆಕ್ಷೇಪಿಸುವ ಹಕ್ಕು ಅದರಲ್ಲಿದೆ. ಅರ್ಥಧಾರಿಗೆ ಇಷ್ಟರಿಂದ ಪೂರ್ಣ ರಕ್ಷಣೆ ದೊರೆಯದು. ಸಂಪಾದನೆಗಾಗಿಯೋ ಕಾಲಮಿತಿಗಾಗಿಯೋ ಒಂದು ಭಾಗವನ್ನು ತೆಗೆದುಹಾಕಿದ ಮಾತ್ರಕ್ಕೆ ಅದು ಕೀರ್ತಿಭಂಗವಲ್ಲವೆಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಹೆಸರಿನ ವಿಷಯವೂ ತೋರುವುದಕ್ಕಿಂತ ಗಂಭೀರವಾದದ್ದು. ಚಿತ್ರದಲ್ಲಿ ಪ್ರಾಸಂಗಿಕವಾಗಿ ಕಾಣಿಸಿಕೊಂಡು, ಆ ಉದ್ಯಮದ ರೂಢಿಯಂತೆ ಎಲ್ಲಿಯೂ ಹೆಸರು ಕಾಣಿಸದವನನ್ನು ಕಾಯ್ದೆ ಬಹುಮಟ್ಟಿಗೆ ಪ್ರದರ್ಶಕನೆಂದೇ ಎಣಿಸುವುದಿಲ್ಲ. ವೀಡಿಯೋದ ಕೆಳಗಿನ ವಿವರಣೆಯಲ್ಲಿ ಪ್ರಧಾನ ವೇಷಗಳ ಹೆಸರಷ್ಟೇ ಬರೆದು, ಚಕ್ರತಾಳದವನನ್ನೂ ಕೋಡಂಗಿಯವನನ್ನೂ 'ಮತ್ತು ಬಳಗ'ದಲ್ಲಿ ಮುಳುಗಿಸುವ ರೂಢಿಗೆ ಹೀಗೊಂದು ಬೆಲೆಯಿದೆ. ಯಕ್ಷಗಾನದ ಕೃತಿಸ್ವಾಮ್ಯ ಸುಪ್ರೀಂ ಕೋರ್ಟಿನವರೆಗೆ ಹೋದ ನಿದರ್ಶನವೂ ಇದೆ: ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕಿನ ಕುರಿತ ತೀರ್ಪು 2009ರಲ್ಲಿ ಬಂತು. ಆದರೆ ಆ ವ್ಯಾಜ್ಯ ಸಂಯೋಜಕನ ಹಕ್ಕಿಗೆ ಸಂಬಂಧಿಸಿದ್ದು. ಕುಣಿದವನ, ಬಾರಿಸಿದವನ ಹಕ್ಕನ್ನು ಅದು ಮುಟ್ಟಲಿಲ್ಲ.

ಇನ್ನು ಭದ್ರತೆಯ ಪ್ರಶ್ನೆ. ಗಡಿಯ ಸಮಸ್ಯೆ ಮತ್ತೆ ಎದುರಾಗುವುದು ಇಲ್ಲಿ. ಕಲೆ, ಪ್ರೇಕ್ಷಕ, ಪಾವತಿ ಮೂರೂ ಗಡಿ ದಾಟಿವೆ. ಕಲ್ಯಾಣ ಶಾಸನಗಳು ದಾಟಿಲ್ಲ. ಕೇರಳದಲ್ಲಿ 2010ರ ಕಾಯ್ದೆಯ ಮೇರೆಗೆ ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮನಿಧಿಯಿದೆ. ಕರ್ನಾಟಕವು 2024ರಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಶಾಸನ ಮಾಡಿ, ಚಿತ್ರಮಂದಿರದ ಟಿಕೆಟು ಹಾಗೂ ಒಟಿಟಿ ಚಂದಾದ ಮೇಲೆ ಶೇಕಡ 1ರಿಂದ 2ರವರೆಗೆ ಮೇಲ್ತೆರಿಗೆ ವಿಧಿಸಲು ಅವಕಾಶ ಮಾಡಿಕೊಂಡಿತು. ವೇದಿಕೆ ಆಧಾರಿತ ಗಿಗ್ ಕಾರ್ಮಿಕರಿಗಾಗಿ ಅದು 2025ರಲ್ಲಿ ತಂದ ಕಾಯ್ದೆಯ ಅನುಸೂಚಿಯಲ್ಲಿ ಆಹಾರ ವಿತರಣೆ, ಟ್ಯಾಕ್ಸಿಗಳ ಜೊತೆಗೆ ವಿಷಯ ಮತ್ತು ಮಾಧ್ಯಮ ಸೇವೆಯೂ ಒಂದು. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು, ಮೇಳಗಳು ಗೆಜ್ಜೆ ಕಟ್ಟುವ ತಿಂಗಳಿನಲ್ಲಿ, ಜಾರಿಗೆ ಬಂತು. ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿದು ಗಳಿಸುವವನು ಗಿಗ್ ಕಾರ್ಮಿಕನೆಂಬ ವ್ಯಾಖ್ಯೆ ಅದರಲ್ಲಿದೆ.

ಹೆಸರುಗಳ ಪಟ್ಟಿ ಉದ್ದವಾಗಿದೆ. ಪೈವಳಿಕೆಯಲ್ಲಿ ಮನೆಯಿರುವ, ನವೆಂಬರಿನಿಂದ ಮೇ ತನಕ ದಕ್ಷಿಣ ಕನ್ನಡದ ಮೇಳದಲ್ಲಿ ಕುಣಿಯುವ, ಮಳೆಗಾಲದಲ್ಲಿ ಅಮೆರಿಕದ ಕಂಪೆನಿಯ ವೇದಿಕೆಯಲ್ಲಿ ಕಾಣಿಸಿಕೊಳ್ಳುವ ಒಬ್ಬ ವೇಷಧಾರಿಯನ್ನು ಕಲ್ಪಿಸಿಕೊಂಡು ಈ ಪಟ್ಟಿಯನ್ನು ಓದಿದರೆ ಅದರ ಬಿರುಕುಗಳು ಕಾಣುತ್ತವೆ. ಅವನ ವಾಸ ಒಂದು ರಾಜ್ಯದಲ್ಲಿ, ದುಡಿಮೆ ಇನ್ನೊಂದರಲ್ಲಿ. ರಾಜ್ಯ ಶಾಸನದ ಕಣ್ಣು ತನ್ನ ಎಲ್ಲೆಯೊಳಗೇ ನೋಡುವಂಥದ್ದು. ಆರು ತಿಂಗಳು ಅವನು ನೌಕರ, ಆರು ತಿಂಗಳು ಗಿಗ್ ಕಾರ್ಮಿಕ; ಆದರೆ ವೇದಿಕೆಯೊಂದಿಗೆ ಒಪ್ಪಂದವಿರುವುದು ವಾಹಿನಿಯ ಒಡೆಯನಿಗೆ, ಅವನಿಗಲ್ಲ. ವೇದಿಕೆಗೆ ಅವನು ಕಾರ್ಮಿಕನಲ್ಲ, ಬರಿಯ ವಿಷಯ. 2010ರಲ್ಲಿ ಶಾಸನಬದ್ಧವಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಗಡಿಯಾಚೆಯ ಕನ್ನಡ ಸಂಸ್ಥೆಗಳತ್ತ ಗಮನ ಹರಿಸಬಲ್ಲದು. ಆದರೆ ಸಂಸ್ಥೆಗೆ ಕೊಡುವ ಅನುದಾನ ಒಂದು ಬಗೆ, ವ್ಯಕ್ತಿಯ ಮುಪ್ಪಿಗೆ ಒದಗುವ ಪಿಂಚಣಿ ಇನ್ನೊಂದು ಬಗೆ. ಗಡಿನಾಡಿನ ಕನ್ನಡದ ಕುರಿತ ಚರ್ಚೆ ಶಾಲೆ, ನಾಮಫಲಕ, ಆಡಳಿತ ಭಾಷೆಗಳ ಸುತ್ತಲೇ ಹೆಚ್ಚಾಗಿ ಸುತ್ತಿದೆ. ಕನ್ನಡದಲ್ಲಿ ಮಾತಾಡಿಯೇ ಅನ್ನ ಗಳಿಸುವ ಈ ವರ್ಗದ ದುಡಿಮೆಯ ಷರತ್ತುಗಳು ಅದರೊಳಗೆ ಬಂದದ್ದು ಅಪರೂಪ.

ಸಂಶೋಧಕರ ಕೈಗೆ ನೇರವಾಗಿ ಎಟಕುವ ಒಂದು ಸಂಗತಿಯೂ ಇದರಲ್ಲಿದೆ. ಹಳೆಯ ತಾಳಮದ್ದಳೆಯ ಕ್ಯಾಸೆಟ್‌ಗಳು ಈಗ ಡಿಜಿಟಲ್ ರೂಪಕ್ಕೆ ಬರುತ್ತಿವೆ. ಶೇಣಿಯವರ ಕಾಲದ ವಾಗ್ವಾದಗಳು ಹಲವು ವಾಹಿನಿಗಳಲ್ಲಿ ಜಾಹೀರಾತಿನೊಂದಿಗೆ ಕೇಳಿಬರುತ್ತವೆ. ಪ್ರದರ್ಶಕನ ಹಕ್ಕು ನಮ್ಮ ಕಾಯ್ದೆಗೆ ಸೇರಿದ್ದು 1994ರ ತಿದ್ದುಪಡಿಯಿಂದ, ಅದು ಜಾರಿಗೆ ಬಂದದ್ದು 1995ರ ಮೇ 10ರಂದು. ಮೊದಲು 25 ವರ್ಷವಿದ್ದ ಅವಧಿ 1999ರ ತಿದ್ದುಪಡಿಯಿಂದ 50 ವರ್ಷವಾಯಿತು. ಎಣಿಕೆ ಆರಂಭವಾಗುವುದು ಪ್ರದರ್ಶನ ನಡೆದ ಮರುವರ್ಷದ ಮೊದಲ ದಿನದಿಂದ. ಹಾಗಾಗಿ 1996ರಲ್ಲಿ ಬದಿಯಡ್ಕದ ಒಂದು ಸಭೆಯಲ್ಲಿ ಯಾರೋ ಧ್ವನಿಮುದ್ರಿಸಿಕೊಂಡ ತಾಳಮದ್ದಳೆಯ ಮೇಲೆ, ಅದರಲ್ಲಿ ಅರ್ಥ ಹೇಳಿದವರಿಗೂ ಮದ್ದಳೆ ನುಡಿಸಿದವರಿಗೂ, ಅವರು ಗತಿಸಿದ್ದರೆ ಅವರ ಮನೆಯವರಿಗೂ, 2046ರ ಡಿಸೆಂಬರ್ ಕೊನೆಯವರೆಗೆ ಹಕ್ಕಿದೆ. ಅಂಥ ಸುರುಳಿಗಳ ಡಬ್ಬಿಯ ಮೇಲೆ ಹೆಚ್ಚಾಗಿ ಪ್ರಸಂಗದ ಹೆಸರೂ ಮುಖ್ಯ ಅರ್ಥಧಾರಿಗಳ ಹೆಸರೂ ಇರುತ್ತವೆ. ಮದ್ದಳೆ ಯಾರದೆಂಬುದನ್ನು ಗುರುತಿಸಬಲ್ಲ ಕಿವಿಗಳು ಕಾಸರಗೋಡಿನ ಮನೆಗಳಲ್ಲಿ ಇನ್ನೂ ಕೆಲವಿವೆ.